ಗರಿಕೆಯ ಮೇಲೊಂದು ಮಧ್ಯಾಹ್ನ

ನಮ್ಮಮ್ಮನ ಪ್ರಕಾರ ಗಾಲ್ಫ್ ಎಂದರೆ "ದುಡ್ಡಿರೋರು ದುಡ್ಡು ಕೊಟ್ಟು ಬಿಸಿಲಲ್ಲಿ ಅಲೆಯೋ ಆಟ". ವಿಜಯಪುರದಲ್ಲಿ ಹುಟ್ಟಿ, ದ್ರಾಕ್ಷಿ ತೋಟ, ರೇಷ್ಮೆ ಹುಳುಗಳ ಚಂದ್ರಂಕಿ ನೋಡುತ್ತ ಬೆಳೆದ ನನಗೂ ಬಹಳ ದಿನ ಹಾಗೆಯೇ ಅನಿಸಿತ್ತು. ನಮಗೆ ಗೊತ್ತಿದ್ದ ಕೋಲಿನ ಆಟ ಚಿನ್ನಿದಾಂಡು ಒಂದೇ. ಕೋಲಿನಿಂದ ದೂರಕ್ಕೆ ಹೊಡೆಯುವುದು, ಎಷ್ಟು ದೂರ ಹೋಯಿತೆಂದು ಅಳೆಯುವುದು, ಅಳತೆಯಲ್ಲಿ ಜಗಳವಾಡುವುದು. ಗಾಲ್ಫಿನಲ್ಲೂ ಮೊದಲ ಎರಡು ಇವೆ. ಮೂರನೆಯದು ಮಾತ್ರ ಇಲ್ಲ. ಯಾಕಿಲ್ಲ ಎಂಬುದು ನನಗೆ ಚೆನ್ನಾಗಿ ತಿಳಿದದ್ದು ಕಳೆದ ಮೇ ತಿಂಗಳ ಒಂದು ಮಧ್ಯಾಹ್ನ, ನಂದಿ ಬೆಟ್ಟದ ಬುಡದಲ್ಲಿ.

ಬೆಂಗಳೂರಿಗೆ ಗಾಲ್ಫ್ ಹೊಸದೇನಲ್ಲ. ಬ್ರಿಟಿಷ್ ದ್ವೀಪಗಳ ಆಚೆಗಿನ ಅತಿ ಹಳೆಯ ಗಾಲ್ಫ್ ಕ್ಲಬ್ ಎಂಬ ಹೆಸರು 1829ರಲ್ಲಿ ಶುರುವಾದ ಕಲ್ಕತ್ತಾದ ಕ್ಲಬ್ಬಿಗಿದೆ. ನಮ್ಮ ಬೆಂಗಳೂರು ಗಾಲ್ಫ್ ಕ್ಲಬ್ ಹುಟ್ಟಿದ್ದು 1876ರಲ್ಲಿ. ಆಮೇಲೆ ದೊಮ್ಮಲೂರಿನ ಕಡೆ ಕರ್ನಾಟಕ ಗಾಲ್ಫ್ ಅಸೋಸಿಯೇಷನ್ನಿನ ಮೈದಾನ ಬಂತು. ನಗರ ಬೆಳೆದು ಜಾಗ ಸಾಲದಾದಾಗ ಆಟ ಊರಾಚೆಗೆ ಹೊರಟಿತು. ಮೈಸೂರು ರಸ್ತೆಯಲ್ಲಿ ಬಿಡದಿಯ ಈಗಲ್ಟನ್, ದೇವನಹಳ್ಳಿ ತಾಲ್ಲೂಕಿನಲ್ಲಿ ಕಾರಹಳ್ಳಿ ಬಳಿಯ ಪ್ರೆಸ್ಟೀಜ್ ಗಾಲ್ಫ್‌ಶೈರ್ ಹೀಗೆ ಬಂದವು. ಇವು ಬರೀ ಮೈದಾನಗಳಲ್ಲ. ಹೋಟೆಲು, ಈಜುಕೊಳ, ಬಂಗಲೆಗಳ ನಡುವೆ ಹಾಸಿದ ಆಟದ ಅಂಗಳಗಳು. ವಾರಾಂತ್ಯಕ್ಕೆ ಬಂದವರು ತಿಂದು, ಮಲಗಿ, ಆಡಿ ಹೋಗುತ್ತಾರೆ.

ನಮ್ಮಣ್ಣನಿಗೆ ಈ ಆಟದ ಹುಚ್ಚು. ಅವನ ಮಗನಿಗೆ ಹದಿನಾಲ್ಕು, ನನ್ನ ಮಗಳಿಗೆ ಹನ್ನೆರಡು. ಇಬ್ಬರನ್ನೂ ಎರಡು ವರ್ಷದಿಂದ ಭಾನುವಾರದ ತರಬೇತಿಗೆ ಕರೆದೊಯ್ಯುವವನು ಅವನೇ. ಮಕ್ಕಳನ್ನು ಕಾಯುತ್ತ ಬೆಂಚಿನ ಮೇಲೆ ಕೂತು ಬೇಸತ್ತು ನಾನೂ ಒಂದು ಕೋಲು ಹಿಡಿದೆ. ಸ್ನೇಹಿತರೊಬ್ಬರ ಅತಿಥಿಗಳಾಗಿ ಗಾಲ್ಫ್‌ಶೈರ್‌ನಲ್ಲಿ ಪೂರ್ತಿ ಹದಿನೆಂಟು ಕುಳಿ ಆಡುವ ಅವಕಾಶ ಸಿಕ್ಕಿದಾಗ ನಾವು ನಾಲ್ವರೂ ಹೊರಟೆವು. ಸಿಕ್ಕಿದ ಹೊತ್ತು ಮಧ್ಯಾಹ್ನದ ಹನ್ನೆರಡೂವರೆ. "ಈ ಬಿಸಿಲಲ್ಲಾ?" ಎಂದರು ಅಮ್ಮ. ಒಂದು ದೊಡ್ಡ ಬಾಟಲಿ ನೀರುಮಜ್ಜಿಗೆ ಮಾಡಿ ಕೈಗಿತ್ತರು.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಗಾಲ್ಫ್ ಚೆಂಡು ದೊಡ್ಡ ನಿಂಬೆಹಣ್ಣಿನಷ್ಟು. ತೂಕ 46 ಗ್ರಾಂ ಮೀರುವಂತಿಲ್ಲ. ಅದನ್ನು ಹೊಡೆಯುತ್ತ ಸಾಗಿ, ನಾಲ್ಕೂಕಾಲು ಅಂಗುಲ ಅಗಲದ ಕುಳಿಗೆ ಬೀಳಿಸಬೇಕು. ಕುಳಿಯ ಬಾಯಿ ಒಂದು ಸಣ್ಣ ಚೊಂಬಿನ ಬಾಯಿಯಷ್ಟು. ಅದು ನಾನೂರು ಗಜ ದೂರದಲ್ಲಿ ಇರಬಹುದು. ದೂರ ನೋಡಿ ಪ್ರತಿ ಕುಳಿಗೂ ಮೂರು, ನಾಲ್ಕು ಅಥವಾ ಐದು ಹೊಡೆತ ಎಂದು ಲೆಕ್ಕ ಕಟ್ಟಿರುತ್ತಾರೆ. ಅದಕ್ಕೆ 'ಪಾರ್' ಎನ್ನುತ್ತಾರೆ. ಹದಿನೆಂಟು ಕುಳಿಗಳ ಅಂಗಳದ ಪಾರ್ ಸಾಮಾನ್ಯವಾಗಿ 72. ನಮ್ಮಂಥವರು ನೂರು ದಾಟುತ್ತೇವೆ. ಚೀಲದಲ್ಲಿ ಹೆಚ್ಚೆಂದರೆ 14 ಕೋಲು ಇರಬಹುದು. ದೂರಕ್ಕೊಂದು, ಹತ್ತಿರಕ್ಕೊಂದು, ಮರಳಿನಿಂದ ಎತ್ತಲು ಒಂದು, ಕುಳಿಯ ಬಳಿ ಮೆಲ್ಲಗೆ ತಳ್ಳಲು ಒಂದು. ಚೆಂಡಿನ ಮೈ ತುಂಬ ಸಿಡುಬಿನ ಕಲೆಯಂಥ ಗುಳಿಗಳಿರುತ್ತವೆ. ಅವು ಅಂದಕ್ಕಲ್ಲ, ಗಾಳಿಯ ತಡೆ ಕಡಿಮೆ ಮಾಡಲು. ಗುಳಿಗಳಿಲ್ಲದ ನುಣುಪು ಚೆಂಡು ಸುಮಾರು ಅರ್ಧ ದೂರಕ್ಕೇ ಬಿದ್ದುಬಿಡುತ್ತದೆ. ನಮ್ಮ ಬಯಲುಸೀಮೆ ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಗಾಳಿ ಕೊಂಚ ತೆಳು, ಹಾಗಾಗಿ ಮಂಗಳೂರಿನಲ್ಲಿ ಹೊಡೆದದ್ದಕ್ಕಿಂತ ಇಲ್ಲಿ ಚೆಂಡು ಒಂದಿಷ್ಟು ಮುಂದೆ ಹೋಗುತ್ತದೆ. "ಹಾಗಾದರೆ ನಂದಿ ಬೆಟ್ಟದ ಮೇಲೆ ಆಡಿದರೆ ಇನ್ನೂ ದೂರ!" ಎಂದ ಅಣ್ಣನ ಮಗ. ನಂದಿಯ ತುದಿ 1,478 ಮೀಟರ್. ಲೆಕ್ಕ ಸರಿಯೇ, ಆದರೆ ಚೆಂಡನ್ನು ಹುಡುಕಲು ಚಿಕ್ಕಬಳ್ಳಾಪುರಕ್ಕೆ ಇಳಿಯಬೇಕಾಗುತ್ತದೆ ಎಂದೆ.

ಮೊದಲ ಕುಳಿಯಿಂದಲೇ ಬೆಟ್ಟ ನಮ್ಮ ಜೊತೆಗಿತ್ತು. ಯಾವ ಕಡೆ ತಿರುಗಿದರೂ ಒಂದು ಹೆಗಲಿನ ಮೇಲೆ ಅದು ಕಾಣುತ್ತಿತ್ತು. ಕಾಲ ಕೆಳಗಿನ ಹುಲ್ಲು ರತ್ನಗಂಬಳಿಯಂತಿತ್ತು. ತಂಪು ದೇಶಗಳ ಗಾಲ್ಫ್ ಹುಲ್ಲು ನಮ್ಮ ಬಿಸಿಲಿಗೆ ತಡೆಯುವುದಿಲ್ಲ. ಹೀಗಾಗಿ ಬಿಸಿ ನಾಡುಗಳಲ್ಲಿ ಹೆಚ್ಚಾಗಿ ಬೆಳೆಸುವುದು ಬರ್ಮುಡಾ ಹುಲ್ಲು. ಹೆಸರು ಕೇಳಿ ಬೆರಗಾಗಬೇಡಿ. ಬರ್ಮುಡಾ ಎಂದರೆ ಬೇರೇನೂ ಅಲ್ಲ, ಗಣಪತಿಗೆ ಏರಿಸುವ ನಮ್ಮ ಗರಿಕೆ! ಅದರದ್ದೇ ಮಿಶ್ರ ತಳಿಗಳನ್ನು ಯಂತ್ರದಿಂದ ಮಿಲಿಮೀಟರ್ ಲೆಕ್ಕದಲ್ಲಿ ಕತ್ತರಿಸಿ ಸಾಕುತ್ತಾರೆ. ರಾಗಿ ಹೊಲದಲ್ಲಿ ನಮ್ಮ ತಾತ ಬೈದುಕೊಂಡು ಕೀಳುತ್ತಿದ್ದ ಗರಿಕೆಗೆ ಜಗತ್ತಿನಲ್ಲಿ ಇಷ್ಟು ಮರ್ಯಾದೆ ಇದೆಯೆಂದು ಅವರಿಗೆ ಗೊತ್ತೇ ಇರಲಿಲ್ಲ.

ನನಗೂ ಮಕ್ಕಳಿಗೂ ಸೇರಿ ಒಬ್ಬರು ಕ್ಯಾಡಿ ಇದ್ದರು. ಕ್ಯಾಡಿ ಎಂದರೆ ಚೀಲ ನೋಡಿಕೊಳ್ಳುವವರು ಎಂದಷ್ಟೇ ಅಂದುಕೊಂಡವರುಂಟು. ನಿಜವಾಗಿ ಅವರು ಅರ್ಧ ಗುರು, ಅರ್ಧ ದಾರಿಕಾರ. ನಲವತ್ತರ ಆಸುಪಾಸಿನ ಮನುಷ್ಯ, ಪಕ್ಕದ ಹಳ್ಳಿಯವರು. ಮೊದಲ ನಾಲ್ಕು ಕುಳಿಗಳವರೆಗೆ ನನ್ನನ್ನು "ಮೇಡಂ" ಎನ್ನುತ್ತಿದ್ದರು. ಐದನೆಯದರಲ್ಲಿ ಅಣ್ಣನೂ ನಾನೂ ಮಾತಾಡಿದ್ದು ಕೇಳಿಸಿಕೊಂಡು, "ನಮ್ ಕಡೆಯೋರೇನಾ?" ಎಂದು ಕೇಳಿದರು. ವಿಜಯಪುರ ಎಂದೆ. ಅಲ್ಲಿಂದ ಮುಂದಕ್ಕೆ ನಾನು "ಅಕ್ಕ" ಆದೆ, ಆಟದ ಗುಟ್ಟುಗಳೂ ಒಂದೊಂದಾಗಿ ಹೊರಬಂದವು.

ಕುಳಿಯ ಸುತ್ತ ಇರುವ ನುಣುಪಾದ ಹುಲ್ಲಿನ ಜಾಗಕ್ಕೆ 'ಗ್ರೀನ್' ಎನ್ನುತ್ತಾರೆ. ಕಣ್ಣಿಗೆ ಮಟ್ಟಸ. ಚೆಂಡು ತಳ್ಳಿದರೆ ಮಾತ್ರ ಅದು ಎಲ್ಲಿಗೋ ವಾಲುತ್ತದೆ. ಏಳನೆಯ ಕುಳಿಯಲ್ಲಿ ನನ್ನ ಚೆಂಡಿಗೂ ಕುಳಿಗೂ ಹತ್ತಡಿ ದೂರ. ನೇರ ತಳ್ಳಲು ಹೊರಟವಳನ್ನು ತಡೆದು, ಅವರು ಮಂಡಿಯೂರಿ ಕೂತು ನೆಲವನ್ನು ಓದಿದರು. "ಅಕ್ಕ, ಚೆಂಡು ನೋಡ್ಬ್ಯಾಡಿ. ಇಲ್ಲಿ ಒಂದು ಬಿಂದಿಗೆ ನೀರು ಉಯ್ದ್ರೆ ಯಾವ್ ಕಡೀಕ್ ಹರೀತದೆ, ಅದ ನೋಡಿ" ಎಂದರು.

ನೋಡಿದೆ. ನೀರನ್ನು ಮನಸ್ಸಿನಲ್ಲಿ ಸುರಿದ ಕೂಡಲೇ ನೆಲದ ಓರೆ ಕಂಡಿತು! ಎಡಕ್ಕೆ ಒಂದು ಗೇಣು ಬಿಟ್ಟು ತಳ್ಳಿದೆ. ಚೆಂಡು ಬಾಗಿ ಬಂದು ಟಕ್ಕೆಂದು ಬಿತ್ತು. ಮಕ್ಕಳು ಚಪ್ಪಾಳೆ ತಟ್ಟಿದರು.

ಇದನ್ನು ಯಾವ ಕೋಚ್ ಹೇಳಿಕೊಟ್ಟರು ಎಂದು ಕೇಳಿದೆ. ಅವರು ನಕ್ಕರು. ಅಪ್ಪನ ಜೊತೆ ಹಿಪ್ಪುನೇರಳೆ ತೋಟಕ್ಕೆ ನೀರು ಕಟ್ಟುತ್ತಿದ್ದರಂತೆ. ಸನಿಕೆ ಹಿಡಿದು ಪಾತಿಯಿಂದ ಪಾತಿಗೆ ನೀರು ತಿರುಗಿಸುವವನಿಗೆ ನೆಲದ ಒಂದು ಬೆರಳಿನ ಏರುಪೇರೂ ತಿಳಿಯಬೇಕು. ಇಲ್ಲದಿದ್ದರೆ ಕೊನೆಯ ಸಾಲು ಒಣಗುತ್ತದೆ. ಆ ಎರಡು ಎಕರೆ ಈಗ ಯಾವುದೋ ಬಡಾವಣೆಯ ಸೈಟುಗಳಾಗಿವೆ. ಕೊಳವೆಬಾವಿ ಅದಕ್ಕೂ ಮೊದಲೇ ಬತ್ತಿತ್ತು. ಬಂದ ಹಣದಲ್ಲಿ ತಂಗಿಯ ಮದುವೆ, ಒಂದು ಮನೆ ಆಯಿತು. "ಭೂಮಿ ಓಯ್ತು. ಇದೊಂದು ವಿದ್ಯೆ ಉಳ್ಕೊಂತು" ಎಂದು ಚೀಲ ಹೆಗಲಿಗೇರಿಸಿದರು. ಆ ಮಾತಿನಲ್ಲಿ ದೂರೂ ಇರಲಿಲ್ಲ, ಹೆಮ್ಮೆಯೂ ಇರಲಿಲ್ಲ. ನಾನು ಮುಂದೆ ಕೇಳಲಿಲ್ಲ.

ಕ್ಯಾಡಿಯ ಕೆಲಸ ಚೀಲ ಹೊರುವಲ್ಲಿಗೇ ಮುಗಿಯಬೇಕೆಂದೇನೂ ಇಲ್ಲ. ಬಿಡದಿಯ ಗಾಲ್ಫ್ ಅಂಗಳದ ಪಕ್ಕದ ಹಳ್ಳಿಯ ಹುಡುಗ ಚಿಕ್ಕರಂಗಪ್ಪ ಚಿಕ್ಕಂದಿನಲ್ಲಿ ಹೀಗೆಯೇ ಕ್ಯಾಡಿಯಾಗಿದ್ದವರು. ಮುಂದೆ ವೃತ್ತಿಪರ ಆಟಗಾರರಾಗಿ ದೇಶದ ಟೂರ್ನಿಗಳನ್ನು ಗೆದ್ದರು. ಇನ್ನೊಂದು ಕಡೆ ಬೆಂಗಳೂರಿನ ಅದಿತಿ ಅಶೋಕ್. ಐದನೆಯ ವಯಸ್ಸಿಗೇ ಕೋಲು ಹಿಡಿದ ಹುಡುಗಿ. 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ಅವರ ಕ್ಯಾಡಿ ಅಪ್ಪ. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಚೀಲ ಹೊತ್ತು ನಡೆದವರು ಅಮ್ಮ. ಅಲ್ಲಿ ಅದಿತಿ ನಾಲ್ಕನೆಯವರಾದರು. ಪದಕದಿಂದ ದೂರವಿದ್ದದ್ದು ಒಂದೇ ಒಂದು ಹೊಡೆತ. ಈ ಕಥೆ ನನ್ನ ಮಗಳಿಗೆ ಬಾಯಿಪಾಠ. ಒಂದು ಹೊಡೆತಕ್ಕೆ ಎಷ್ಟು ಬೆಲೆ ಎಂಬುದು ಅವಳಿಗೆ ಚೆನ್ನಾಗಿ ಗೊತ್ತು. ಹದಿನಾಲ್ಕನೆಯ ಕುಳಿಯಲ್ಲಿ ನಡೆದದ್ದು ಅದಕ್ಕೇ ನನಗೆ ದೊಡ್ಡದಾಗಿ ಕಂಡಿತು.

ಮಕ್ಕಳಿಬ್ಬರ ನಡುವೆ ಪಂದ್ಯ ಕಟ್ಟಿತ್ತು. ಸೋತವರು ಗೆದ್ದವರ ಶೂ ತೊಳೆಯಬೇಕು. ಹದಿಮೂರು ಕುಳಿ ಮುಗಿದಾಗ ಇಬ್ಬರದೂ ಸಮ, 81. ಹದಿನಾಲ್ಕರಲ್ಲಿ ಮಗಳ ಚೆಂಡು ಬದಿಯ ಎತ್ತರದ ಹುಲ್ಲಿಗೆ ಹೋಯಿತು. ನಾವೆಲ್ಲ ಆಚೆ ಬದಿಯಲ್ಲಿದ್ದೆವು. ಕ್ಯಾಡಿ ಅಣ್ಣನ ಮಗನ ಚೆಂಡು ಹುಡುಕುತ್ತಿದ್ದರು. ಅವಳು ಒಬ್ಬಳೇ ಹುಲ್ಲಿನಲ್ಲಿ ನಿಂತು ಹೊಡೆದಳು, ಚೆಂಡು ಚೆನ್ನಾಗಿಯೇ ಬಂತು. ಕುಳಿ ಮುಗಿದ ಮೇಲೆ ಅಣ್ಣ ಕಾರ್ಡು ತೆಗೆದು ಕೇಳಿದ: "ನಿಂದು ಆರು ತಾನೇ?"

"ಏಳು ಮಾವ" ಎಂದಳು.

ಅಣ್ಣ ಬೆರಳು ಮಡಿಸಿ ಎಣಿಸಿದ. ಆರೇ ಬಂತು. ಆಗ ಅವಳು ಹೇಳಿದಳು: ಹೊಡೆಯಲು ಕೋಲನ್ನು ಚೆಂಡಿನ ಹಿಂದೆ ಇಡುವಾಗ ಹುಲ್ಲು ಅದುರಿ ಚೆಂಡು ಅರ್ಧ ಸುತ್ತು ಉರುಳಿತಂತೆ. ಅದನ್ನು ಮೊದಲಿದ್ದಲ್ಲಿಗೇ ಇಟ್ಟು ಹೊಡೆದಿದ್ದಾಳೆ. ನಿಯಮದ ಪ್ರಕಾರ ಒಂದು ಹೊಡೆತದ ದಂಡ. ಚೆಂಡು ಹುಡುಕುವಾಗ ಕಾಲು ತಗುಲಿ ಸರಿದರೆ ದಂಡವಿಲ್ಲ, ಗ್ರೀನಿನ ಮೇಲೆ ಅಕಸ್ಮಾತ್ ಸರಿದರೂ ಇಲ್ಲ. ಆದರೆ ಹುಲ್ಲಿನಲ್ಲಿ ಹೊಡೆಯಲು ಸಿದ್ಧಳಾಗಿ ನಿಂತಾಗ ತಾನೇ ಸರಿಸಿದರೆ ದಂಡ ಉಂಟು. ಅಣ್ಣನ ಮಗ, "ಯಾರೂ ನೋಡ್ಲಿಲ್ವಲ್ಲೇ!" ಎಂದ. ಅವನು ವ್ಯಂಗ್ಯ ಮಾಡಲಿಲ್ಲ, ನಿಜವಾಗಿ ಬೆರಗಾಗಿದ್ದ. "ನಾನ್ ನೋಡಿದ್ನಲ್ಲ" ಎಂದು ಅವಳು ನೀರಿನ ಬಾಟಲಿ ತೆರೆದಳು. ಮುಖ ಮಾತ್ರ ಸಪ್ಪಗಿತ್ತು. ಹನ್ನೆರಡರ ಮಗು, ಸೋಲು ಯಾರಿಗೆ ಬೇಕು?

ಕ್ರಿಕೆಟ್ಟಿನಲ್ಲಿ ಅಂಪೈರ್ ಕೈಯೆತ್ತುವವರೆಗೆ ಬ್ಯಾಟ್ಸ್‌ಮನ್ ನಿಂತೇ ಇರಬಹುದು. ಕಬಡ್ಡಿಯಲ್ಲಿ ಗೆರೆ ನೋಡಲು ಜನರಿದ್ದಾರೆ. ಗಾಲ್ಫ್ ಆಡುವ ಜಾಗ ಒಂದು ಸಣ್ಣ ಊರಿನಷ್ಟು. ಪ್ರತಿ ಪೊದೆಯ ಹಿಂದೆ ಅಂಪೈರನ್ನು ನಿಲ್ಲಿಸಲಾಗದು. ಆದ್ದರಿಂದ ಆಟಗಾರನೇ ತನ್ನ ತೀರ್ಪುಗಾರ. ಟೂರ್ನಿಯಲ್ಲಿ ಒಂದು ಕುಳಿಗೆ ಕಡಿಮೆ ಹೊಡೆತ ಬರೆದು ಸಹಿ ಹಾಕಿ ಕೊಟ್ಟರೆ ಆಟದಿಂದಲೇ ಹೊರಗೆ ಹಾಕುವ ನಿಯಮವಿದೆ. ಹೆಚ್ಚು ಬರೆದಿದ್ದರೆ ಆ ಹೆಚ್ಚೇ ಖಾಯಂ. ಅಮೆರಿಕದ ಬಾಬಿ ಜೋನ್ಸ್ ಎಂಬ ಮಹಾನ್ ಆಟಗಾರ 1925ರ ಯುಎಸ್ ಓಪನ್‌ನಲ್ಲಿ ಹೀಗೆಯೇ, ಹುಲ್ಲಿನಲ್ಲಿ ಚೆಂಡು ಒಂದಿಷ್ಟು ಅಲುಗಿತೆಂದು ತನಗೆ ತಾನೇ ಒಂದು ಹೊಡೆತದ ದಂಡ ಹಾಕಿಕೊಂಡ. ಬೇರೆ ಯಾರೂ ಅದನ್ನು ನೋಡಿರಲಿಲ್ಲ. ಕೊನೆಗೆ ಇನ್ನೊಬ್ಬನ ಜೊತೆ ಸಮನಾಗಿ, ಮರುಪಂದ್ಯದಲ್ಲಿ ಒಂದೇ ಹೊಡೆತದಿಂದ ಸೋತ. ಆ ಒಂದು ದಂಡ ಇಲ್ಲದಿದ್ದರೆ ಮರುಪಂದ್ಯವೇ ಬೇಕಿರಲಿಲ್ಲ. ಮುಂದಿನ ಕುಳಿಗೆ ನಡೆಯುತ್ತ ಈ ಕಥೆ ಹೇಳಿದೆ. "ಆಮೇಲೆ ಗೆದ್ನಾ?" ಎಂದಳು. ಮರುವರ್ಷವೇ ಅದೇ ಟೂರ್ನಿ ಗೆದ್ದ ಎಂದೆ. ಸ್ವಲ್ಪ ಸಮಾಧಾನವಾಯಿತು.

ಹದಿನೈದು, ಹದಿನಾರು ಸಮಸಮ. ಇನ್ನೂ ಎರಡು ಕುಳಿಗಳಿವೆ, ಒಂದು ಹೊಡೆತವನ್ನು ಸರಿದೂಗಿಸಬಹುದು ಎಂದು ಅವಳು ಕೋಲು ಒರೆಸುತ್ತಿದ್ದಳು. ಅಷ್ಟರಲ್ಲಿ ನಂದಿಯ ನೆತ್ತಿ ಕಪ್ಪಾಯಿತು. ಮೇ ತಿಂಗಳ ಸಂಜೆಯ ಮಳೆ ನಮ್ಮ ಕಡೆಯವರಿಗೆ ಗೊತ್ತಿದ್ದದ್ದೇ. ಹಗಲೆಲ್ಲ ಬೇಯಿಸಿ, ನಾಲ್ಕರ ಮೇಲೆ ಗಾಳಿ ಎಬ್ಬಿಸಿ, ಗುಡುಗಿ, ಒಮ್ಮೆಲೇ ಸುರಿಯುತ್ತದೆ. ಉದ್ದನೆಯ ಸೈರನ್ ಕೂಗಿತು. ಹಾಗೆ ಕೂಗಿದರೆ ಆಟವನ್ನು ಆ ಕ್ಷಣವೇ ನಿಲ್ಲಿಸಬೇಕು. ಬಯಲಿನಲ್ಲಿ ಲೋಹದ ಕೋಲು ಹಿಡಿದು ನಿಂತವನಷ್ಟು ಒಳ್ಳೆಯ ಗುರಿ ಸಿಡಿಲಿಗೆ ಇನ್ನೊಂದಿಲ್ಲ. ಮಕ್ಕಳೇ, ಇದು ಗಾಲ್ಫಿಗೆ ಮಾತ್ರವಲ್ಲ, ನಿಮ್ಮ ಶಾಲೆಯ ಮೈದಾನಕ್ಕೂ ಅನ್ವಯಿಸುತ್ತದೆ. ಗುಡುಗು ಕೇಳಿದರೆ ಒಂಟಿ ಮರದ ಕೆಳಗೆ ನಿಲ್ಲಬೇಡಿ, ಕಟ್ಟಡದೊಳಕ್ಕೆ ಹೋಗಿ. ಟೋಕಿಯೊದಲ್ಲೂ ಅದಿತಿಯವರ ಕೊನೆಯ ಸುತ್ತು ಮುಗಿಯುವ ಹೊತ್ತಿಗೆ ಗುಡುಗು ಮಿಂಚಿನಿಂದ ಆಟ ನಿಂತಿತ್ತು. ಅಲ್ಲಿ ಮತ್ತೆ ಶುರುವಾಯಿತು. ನಮ್ಮದು ಶುರುವಾಗಲೇ ಇಲ್ಲ. ಕ್ಲಬ್ಬಿನ ಕಟ್ಟಡಕ್ಕೆ ಓಡಿದೆವು. ಪಂದ್ಯ ಅಲ್ಲಿಗೇ ಮುಗಿಯಿತು, ಮಗಳು ಒಂದು ಹೊಡೆತದಿಂದ ಸೋತಳು.

ಮಳೆ ನಿಲ್ಲಲೆಂದು ಕಾಯುತ್ತ ಜಗಲಿಯಲ್ಲಿ ನಿಂತಿದ್ದಾಗ ಹೊಳೆಯುವ ಹಸಿರಿನ ಮೇಲೆ ಕೆಂಪು ನೀರಿನ ಎಳೆಗಳು ಹರಿದು ತಗ್ಗಿಗೆ ಹೋಗುತ್ತಿದ್ದವು. ಕ್ಯಾಡಿ ಹೇಳಿದ ಓರೆಗಳೆಲ್ಲ ಈಗ ಬಯಲಾಗಿದ್ದವು. ಮಗಳು ಅವರನ್ನೇ ಕೇಳಿದಳು: "ಅಂಕಲ್, ಮಳೆ ಬರದಿದ್ದಾಗ ಇಷ್ಟು ಹುಲ್ಲಿಗೆ ನೀರು ಎಷ್ಟು ಬೇಕು?"

"ನಮ್ ತ್ವಾಟಕ್ಕೇ ಎಷ್ಟ್ ಬೇಕಾಗಿತ್ತು ಅಂತ ಲೆಕ್ಕ ಹಾಕ್ಲಿಲ್ಲ ಪುಟ್ಟಿ. ಹಾಕಿದ್ರೆ ಬಾವಿ ಉಳೀತಿತ್ತೇನೋ" ಎಂದರು.

ಅವಳ ಪ್ರಶ್ನೆಗೆ ಕಾರಿನಲ್ಲಿ ನಾವೇ ಒಂದು ಲೆಕ್ಕ ಮಾಡಿದೆವು. ಯಾವ ಅಂಗಳದ್ದೂ ಅಲ್ಲ, ಬರೀ ಗಣಿತ. ಒಂದು ಹೆಕ್ಟೇರ್ ನೆಲಕ್ಕೆ ಒಂದು ಮಿಲಿಮೀಟರ್ ನೀರು ಎಂದರೆ 10,000 ಲೀಟರ್. ಮೂವತ್ತು ಹೆಕ್ಟೇರ್ ಹುಲ್ಲಿಗೆ ಬೇಸಿಗೆಯಲ್ಲಿ ದಿನಕ್ಕೆ ನಾಲ್ಕು ಮಿಲಿಮೀಟರ್ ಬೇಕೆಂದುಕೊಳ್ಳಿ. 12 ಲಕ್ಷ ಲೀಟರ್ ಆಯಿತು! ಇದನ್ನು ಕೊಳವೆಬಾವಿಯಿಂದ ಎತ್ತುವುದು ಒಂದು ಮಾತು, ಬಳಸಿ ಬಿಟ್ಟ ನೀರನ್ನು ಶುದ್ಧಮಾಡಿ ಹಾಯಿಸುವುದು ಬೇರೆಯೇ ಮಾತು. ಲೋಕದ ಎಷ್ಟೋ ಗಾಲ್ಫ್ ಅಂಗಳಗಳು ಎರಡನೆಯ ದಾರಿ ಹಿಡಿದಿವೆ. ವರ್ಷವಿಡೀ ಹರಿಯುವ ನದಿಯಿಲ್ಲದ ನಮ್ಮ ಸೀಮೆಗೂ ಅದೇ ದಾರಿ. ಹೆಬ್ಬಾಳ–ನಾಗವಾರ ಕಣಿವೆ ಯೋಜನೆಯಲ್ಲಿ ಬೆಂಗಳೂರಿನ ಕೊಳಚೆ ನೀರನ್ನು ಸಂಸ್ಕರಿಸಿ ದೇವನಹಳ್ಳಿ, ಚಿಕ್ಕಬಳ್ಳಾಪುರದ ಕಡೆಯ ಕೆರೆಗಳಿಗೆ ತುಂಬಿಸುತ್ತಾರೆ. ಹುಲ್ಲನ್ನು ಬೈದು ಪ್ರಯೋಜನವಿಲ್ಲ. ಅದು ಗರಿಕೆ, ಕೊಟ್ಟಷ್ಟು ಕುಡಿಯುತ್ತದೆ. ಎಲ್ಲಿಂದ ತಂದೆವು, ಎಷ್ಟು ತಂದೆವು ಎಂಬ ಕಾರ್ಡನ್ನು ಕೊಡುವವರು ಬರೆದಿಡಬೇಕು. ಹೊಲದವರಾಗಲಿ, ರೆಸಾರ್ಟಿನವರಾಗಲಿ, ಅಪಾರ್ಟ್‌ಮೆಂಟಿನವರಾಗಲಿ, ಪೊದೆಯ ಹಿಂದೆ ನಿಂತು ನೋಡುವವರು ಯಾರೂ ಇರುವುದಿಲ್ಲ.

ಆ ರಾತ್ರಿ ಮಗಳು ಕೆಂಪು ಮಣ್ಣು ಮೆತ್ತಿದ ಶೂಗಳನ್ನು ತೊಳೆದಳು, ಒಂದು ಬಕೆಟ್ ನೀರಿನಲ್ಲಿ, ಎರಡು ಜೊತೆ. ಮರುದಿನ ಬೆಳಗ್ಗೆ ನಮ್ಮ ಅಡುಗೆಮನೆಯ ಬಾಗಿಲಿಗೆ ಒಂದು ಹಾಳೆ ಅಂಟಿತ್ತು. ಹದಿನೆಂಟು ಮನೆ ಗೆರೆ ಎಳೆದ ಗಾಲ್ಫ್ ಕಾರ್ಡಿನಂಥದ್ದೇ. ನಗರದಲ್ಲಿ ಒಬ್ಬರಿಗೆ ದಿನಕ್ಕೆ 135 ಲೀಟರ್ ನೀರು ಎಂಬುದು ಸರ್ಕಾರಿ ಲೆಕ್ಕ. ಮೂವರ ಮನೆಗೆ 405. ಮೇಲೆ ದಪ್ಪಕ್ಷರದಲ್ಲಿ 'ಪಾರ್ 405' ಎಂದು ಬರೆದಿದ್ದಾಳೆ. ದಿನಾ ರಾತ್ರಿ ಮೀಟರ್ ನೋಡಿ ತುಂಬಿಸುವುದು ಅವಳ ಕೆಲಸ, ಸಹಿ ಹಾಕುವುದು ಮೂವರದೂ.

ಮೊನ್ನೆ ಬಟ್ಟೆ ಒಗೆಯುವ ದಿನ. ಪಾರ್‌ಗಿಂತ 60 ಲೀಟರ್ ಹೆಚ್ಚಾಗಿತ್ತು. ನಮ್ಮವರು, "ಪುಟ್ಟಿ, ನಾಳೆ ಸರಿಹೋಗತ್ತೆ, ಇವತ್ತು 405 ಅಂತಲೇ ಬರಿ" ಎಂದರು. ಅವಳು 465 ಎಂದು ಬರೆದು, ಪೆನ್ನನ್ನು ಅಪ್ಪನ ಕೈಗೆ ಕೊಟ್ಟಳು.